ಜಾಗ ಬದಲಾದರೂ ಕೆಡದ ಆಟ ಕಟ್ಟುವುದು ಹೇಗೆ?

ಕಬಡ್ಡಿಗೆ ಅಂಕಣ ಬೇಕು. ಗಂಡಸರ ಆಟಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರ ಆಟಕ್ಕೆ 12ಕ್ಕೆ 8. ಇಷ್ಟು ಸಮತಟ್ಟು ಜಾಗವನ್ನು ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಗಳ ಹತ್ತಿರ ಹುಡುಕಿ ನೋಡಿ. ಮನೆ ಮುಂದೆ ಅಂಗಳ ಇರುತ್ತದೆ, ನಿಜ. ಆದರೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ಅದು ಅಡಿಕೆ ಒಣಗಿಸುವ ಜಾಗ, ಕಾಲಿಟ್ಟರೆ ಬೈಗುಳ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅಂಗಳ ದಾಟಿದರೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಧರೆ ಇಳಿದರೆ ತೋಟ, ತೋಟದ ಆಚೆ ಗದ್ದೆ. ಗದ್ದೆ ಸಿಗುವುದು ಕೊಯ್ಲಾದ ಮೇಲೆ ಒಂದಷ್ಟು ತಿಂಗಳು ಮಾತ್ರ.

ಹಾಗಂತ ಮಕ್ಕಳು ಆಡದೆ ಕೂತಿದ್ದಾರಾ? ಇಲ್ಲ. ಅವರು ಕಲ್ಲು-ಮಣ್ಣು ಆಡುತ್ತಾರೆ. ಕಳ್ಳ ಆದವರನ್ನು ಕೇಳುತ್ತಾರೆ, ಕಲ್ಲು ಬೇಕೋ ಮಣ್ಣು ಬೇಕೋ ಅಂತ. ಮಣ್ಣು ಅಂದರೆ ಮಣ್ಣೆಲ್ಲ ಕಳ್ಳನದ್ದು. ಉಳಿದವರು ಕಲ್ಲಿನ ಮೇಲಿದ್ದರೆ ಕ್ಷೇಮ, ಮಣ್ಣಿಗೆ ಇಳಿದರೆ ಮುಟ್ಟಿಸಿಕೊಳ್ಳಬೇಕು. ಕಲ್ಲು ಅಂದರೆ ಇದೇ ತಿರುವುಮುರುವು. ನಿಯಮ ಇಷ್ಟೇ. ಮನೆ ಹಿತ್ತಿಲಲ್ಲಿ ಆಡಬಹುದು, ದೇವಸ್ಥಾನದ ಬಯಲಲ್ಲಿ ಆಡಬಹುದು, ಶಿವಮೊಗ್ಗದ ಬಡಾವಣೆಯ ರಸ್ತೆ ಪಕ್ಕದಲ್ಲೂ ಆಡಬಹುದು.

ಈ ಎರಡು ಆಟಗಳ ನಡುವೆ ಇರುವ ವ್ಯತ್ಯಾಸ ಏನು ಅನ್ನುವುದೇ ಈ ಲೇಖನದ ವಿಷಯ. ಕಬಡ್ಡಿಯ ನಿಯಮದೊಳಗೆ ಜಾಗದ ಅಳತೆ ಬರೆದಿದೆ. ಕಲ್ಲು-ಮಣ್ಣಿನ ನಿಯಮದೊಳಗೆ ಜಾಗಕ್ಕೆ ಕೇಳುವ ಒಂದು ಪ್ರಶ್ನೆ ಇದೆ: ಇಲ್ಲಿ ಕಾಲಿಡುವ ನೆಲ ಎರಡು ಥರ ಇದೆಯಾ? ಇದೆ ಅಂದರೆ ಅಂಕಣ ತಾನಾಗಿಯೇ ಸಿದ್ಧ. ಯಾವ ಜಾಗಕ್ಕೆ ಹೋದರೂ ಬದುಕುವ ಆಟ ಕಟ್ಟಬೇಕು ಅಂತಿದ್ದರೆ ಜಾಗವನ್ನು ಬರೆಯಬೇಡಿ, ಪ್ರಶ್ನೆಯನ್ನು ಬರೆಯಿರಿ. ನಾನು ಹೇಳಬೇಕು ಅಂದುಕೊಂಡಿರುವುದು ಇದೊಂದೇ, ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಅನ್ನುವ ವಿವರ.

ಕ್ರಿಕೆಟ್ ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿಂದ ಶುರು ಮಾಡೋಣ. ಪಿಚ್ 22 ಗಜ, ಅಂದರೆ 20.12 ಮೀಟರ್. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಬೌಂಡರಿ ಎಲ್ಲಿರಬೇಕು ಅನ್ನುವುದನ್ನು ಮೈದಾನಕ್ಕೇ ಬಿಟ್ಟಿದ್ದಾರೆ. ಗಂಡಸರ ಅಂತರರಾಷ್ಟ್ರೀಯ ಪಂದ್ಯದಲ್ಲೂ 65 ಗಜಕ್ಕಿಂತ ಕಡಿಮೆ ಇರಬಾರದು, 90 ಗಜ ಮೀರಬಾರದು ಅಂತ ಅಷ್ಟೇ ಇದೆ. ಇಂಗ್ಲೆಂಡಿನ ಕ್ಯಾಂಟರ್‌ಬರಿ ಊರಿನ ಸೇಂಟ್ ಲಾರೆನ್ಸ್ ಮೈದಾನದಲ್ಲಿ ಬೌಂಡರಿ ಒಳಗೇ ಒಂದು ದೊಡ್ಡ ಮರ ಇತ್ತು. ಅದನ್ನು ಕಡಿಯಲಿಲ್ಲ. ಚೆಂಡು ಮರಕ್ಕೆ ತಾಗಿದರೆ ನಾಲ್ಕು ರನ್ ಅಂತ ನಿಯಮ ಮಾಡಿಕೊಂಡರು. 2005ರ ಜನವರಿಯಲ್ಲಿ ಗಾಳಿಗೆ ಆ ಮರ ಬೀಳುವ ತನಕವೂ ಹಾಗೇ ನಡೆಯಿತು. ಅಂದರೆ ಕ್ರಿಕೆಟ್ಟಿನಲ್ಲಿ ಗಟ್ಟಿಯಾದ ತಿರುಳು ಒಂದಿದೆ, ಸುತ್ತ ಖಾಲಿ ಬಿಟ್ಟ ಜಾಗ ಇದೆ. ಖಾಲಿ ಬಿಟ್ಟದ್ದನ್ನು ಊರು ತುಂಬಿಕೊಳ್ಳುತ್ತದೆ.

ನಮ್ಮ ಗದ್ದೆ ಕ್ರಿಕೆಟ್ ಇನ್ನೂ ಒಂದು ಹೆಜ್ಜೆ ಮುಂದೆ. ಚೆಂಡು ತೋಟಕ್ಕೆ ಬಿದ್ದರೆ ಔಟ್. ಸಿಕ್ಸರ್ ಅಲ್ಲ, ಔಟ್. ಸ್ವಲ್ಪ ಯೋಚಿಸಿದರೆ ಇದು ಎಂಥ ಜಾಣ ನಿಯಮ ಅಂತ ಗೊತ್ತಾಗುತ್ತದೆ. ತೋಟಕ್ಕೆ ಬಿದ್ದ ಚೆಂಡು ಹುಡುಕಲು ಹೊತ್ತು ಹೋಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ, ತೋಟದವರ ಹತ್ತಿರ ಮಾತು ಬೇರೆ ಕೇಳಬೇಕು. ಜಾಗದ ಕಷ್ಟವನ್ನೇ ನಿಯಮ ಮಾಡಿಬಿಟ್ಟರು. ಅದರ ಜೊತೆಗೇ ಆಟದ ಗುಣವೂ ಬದಲಾಯಿತು: ದೊಡ್ಡ ಹೊಡೆತಕ್ಕೆ ಬೆಲೆ ಇಲ್ಲ, ಸಂದಿಯಲ್ಲಿ ತೂರಿಸುವವನಿಗೆ ಬೆಲೆ. ಚಿಕ್ಕ ಜಾಗಕ್ಕೆ ಆಟ ಒಗ್ಗಿಸುವಾಗ ಇದನ್ನು ನೆನಪಿಟ್ಟುಕೊಳ್ಳಿ, ಬಲಕ್ಕಿಂತ ಹಿಡಿತಕ್ಕೆ ಅಂಕ ಕೊಡಬೇಕು.

ಇನ್ನು ಪ್ರಶ್ನೆ ಬರೆಯುವ ವಿಚಾರ. ಜಾಸ್ತಿ ಎಡವಟ್ಟಾಗುವುದು ಇಲ್ಲೇ. 'ಹಲಸಿನ ಮರದ ಹತ್ತಿರ ನಿಂತವರನ್ನು ಮುಟ್ಟುವಂತಿಲ್ಲ' ಅಂತ ಬರೆದರೆ ಆಟ ಆ ಮನೆ ಬಿಟ್ಟು ಆಚೆ ಹೋಗುವುದಿಲ್ಲ. 'ಯಾವುದಾದರೂ ಮರದ ಹತ್ತಿರ' ಅಂದರೆ ಸ್ವಲ್ಪ ವಾಸಿ, ಆದರೆ ಮರವೇ ಇಲ್ಲದ ಬಯಲಲ್ಲಿ ಕೆಡುತ್ತದೆ, ಮರಗಳೇ ತುಂಬಿರುವ ಕಡೆ ಇನ್ನೂ ಕೆಡುತ್ತದೆ. ಕೇಳಬೇಕಾದದ್ದು ವಸ್ತುವಿನ ಹೆಸರನ್ನಲ್ಲ, ಅದರಿಂದ ಮೈಗೆ ಏನು ಮಾಡಲು ಬರುತ್ತದೆ ಅನ್ನುವುದನ್ನು. ಹತ್ತಬಹುದಾ? ಅಡಗಬಹುದಾ? ಒಬ್ಬರೇ ನಿಲ್ಲಬಹುದಾ, ನಾಲ್ಕು ಜನ ನಿಲ್ಲಬಹುದಾ? ಒಂದೇ ಕಡೆ ಇಳಿಯಬಹುದಾ, ಎರಡು ಕಡೆ ಇಳಿಯಬಹುದಾ? ಮರಕೋತಿ ಆಟದಲ್ಲಿ ಮರ ಬೇಕಾಗಿರುವುದು ಅದು ಮರ ಅನ್ನುವ ಕಾರಣಕ್ಕಲ್ಲ. ಕೋಲು ತರಲು ಓಡಿದ ಕಳ್ಳ ವಾಪಸ್ ಬರುವುದರೊಳಗೆ ಹತ್ತಿ ಕೂರಲು ಆಗುತ್ತದೆ, ಆದರೆ ಅಲ್ಲೇ ಕೂತಿದ್ದರೆ ಆಟ ಮುಂದುವರಿಯುವುದಿಲ್ಲ, ಇಳಿಯಲೇಬೇಕು ಅನ್ನುವ ಆಸೆ ಹುಟ್ಟುತ್ತದೆ. ಈ ಕೆಲಸವನ್ನು ಎತ್ತರದ ಕಟ್ಟೆಯೂ ಮಾಡಬಲ್ಲದು.

ಅಳತೆಗೂ ಇದೇ ಮಾತು. ಮೀಟರ್ ಬಿಡಿ. ಹೆಜ್ಜೆ, ಮಾರು, ಕೂಗಳತೆ ಇವು ಆಡುವವರ ಮೈಯಿಂದಲೇ ಬಂದ ಅಳತೆಗಳು. ಮೂರನೇ ಕ್ಲಾಸಿನ ಮಕ್ಕಳು ಆಡಿದರೆ ಅಂಕಣ ತಾನಾಗಿ ಚಿಕ್ಕದಾಗುತ್ತದೆ, ಕಾಲೇಜಿನವರು ಆಡಿದರೆ ದೊಡ್ಡದಾಗುತ್ತದೆ.

ಬರೀ ಮಾತಾಯಿತು, ಒಂದು ಆಟ ಕಟ್ಟಿ ನೋಡೋಣ. ಹೆಸರು ಗೋಟು ಸಾಗಣೆ ಅಂತಿಟ್ಟುಕೊಳ್ಳಿ. ಎರಡು ತಂಡ. ಒಂದು ತಂಡದವರು ಒಣಗಿದ ಅಡಿಕೆ ಗೋಟುಗಳನ್ನು 'ತೋಟ'ದಿಂದ 'ಕಣಜ'ಕ್ಕೆ ಸಾಗಿಸಬೇಕು, ಒಮ್ಮೆಗೆ ಒಂದೇ ಗೋಟು. ಇನ್ನೊಂದು ತಂಡ ಮಂಗಗಳು. ಮಂಗ ಮುಟ್ಟಿದರೆ ಗೋಟು ಮಂಗನಿಗೆ, ಸಾಗಿಸುವವನು ಬರಿಗೈಯಲ್ಲಿ ತೋಟಕ್ಕೆ ವಾಪಸ್. ದಾರಿಯಲ್ಲಿ ಕೆಲವು ನೆಲೆಗಳಿವೆ, ಅಲ್ಲಿ ನಿಂತವರನ್ನು ಮುಟ್ಟುವಂತಿಲ್ಲ. ಆದರೆ ಒಂದು ನೆಲೆಯಲ್ಲಿ ಒಬ್ಬರೇ. ಹೊಸಬರು ಬಂದರೆ ಹಳಬರು ಬಿಟ್ಟು ಓಡಬೇಕು. ಇದು ತಿರುಳು. ಇದನ್ನು ಎಲ್ಲಿಗೆ ಹೋದರೂ ಬದಲಾಯಿಸುವುದಿಲ್ಲ.

ಜಾಗಕ್ಕೆ ಕೇಳುವ ಪ್ರಶ್ನೆಗಳು ಹೀಗಿವೆ. ತೋಟದಲ್ಲಿ ನಿಂತರೆ ಕಣಜ ಕಾಣಬಾರದು, ಆದರೆ ಕೂಗಿದರೆ ಕೇಳಬೇಕು, ಅಂಥ ಎರಡು ಕಡೆ ಯಾವುವು? ಕಾಣದಿದ್ದರೆ ತಾನೇ ಗೆಳೆಯರು ಕೂಗಿ ಸುದ್ದಿ ಕೊಡಬೇಕಾಗುವುದು. ಕೂಗು ಕೇಳುವಷ್ಟು ಹತ್ತಿರ ಇದ್ದರೆ ಯಾರಿಗಾದರೂ ಪೆಟ್ಟಾದರೂ ಗೊತ್ತಾಗುತ್ತದೆ. ಆಮೇಲೆ ನೆಲೆ: ಒಬ್ಬರು ಆರಾಮಾಗಿ ನಿಂತು, ಎರಡು ಕಡೆಗಾದರೂ ಇಳಿದು ಓಡಬಹುದಾದ ಜಾಗ ಯಾವುದು? ಒಂದೇ ಕಡೆ ದಾರಿ ಇದ್ದರೆ ಮಂಗ ಅಲ್ಲೇ ಕಾಯುತ್ತಾ ನಿಲ್ಲುತ್ತದೆ, ಆಟ ಸತ್ತ ಹಾಗೆ. ಕೊನೆಗೆ ಇಕ್ಕಟ್ಟು: ಎಲ್ಲರೂ ಹಾಯಲೇಬೇಕಾದ ಸಂದಿ ಇದೆಯಾ? ಇದ್ದರೆ ಅದರಿಂದ ಮೂರು ಹೆಜ್ಜೆಯೊಳಗೆ ಮಂಗ ನಿಲ್ಲುವಂತಿಲ್ಲ.

ಜನವರಿಯಲ್ಲಿ ಒಂದು ಮಲೆನಾಡ ಮನೆ. ಅಂಗಳದ ತುಂಬ ಬೇಯಿಸಿದ ಅಡಿಕೆ, ಹಾಗಾಗಿ ಅಂಗಳ ಆಟದ ಹೊರಗೆ. ಕೊಟ್ಟಿಗೆಯ ಹಿಂದೆ ಆಟದ 'ತೋಟ', ಉಣುಗೋಲಿನ (ಬೇಲಿಯ ಬಾಗಿಲಿನ) ಹತ್ತಿರ 'ಕಣಜ'. ನಡುವೆ ಕೊಟ್ಟಿಗೆ ಇರುವುದರಿಂದ ಒಂದು ಕಡೆಯಿಂದ ಇನ್ನೊಂದು ಕಾಣುವುದಿಲ್ಲ. ನೆಲೆಗೆ ಬಟ್ಟೆ ಒಗೆಯುವ ಕಲ್ಲು ಸರಿಹೊಂದುತ್ತದೆ, ಹಲಸಿನ ಮರದ ದಪ್ಪ ಬೇರು ಸರಿಹೊಂದುತ್ತದೆ. ಜಗಲಿ ಮೆಟ್ಟಿಲು ಬೇಡ, ಇಳಿಯುವ ದಾರಿ ಒಂದೇ. ತುಳಸಿಕಟ್ಟೆ, ಬಾವಿಕಟ್ಟೆ ಎರಡೂ ಪ್ರಶ್ನೆಗೆ ಚೆನ್ನಾಗಿ ಹೊಂದುತ್ತವೆ, ಆದರೂ ಎರಡೂ ಬೇಡ. ಒಂದು ಪೂಜೆಯ ಜಾಗ, ಇನ್ನೊಂದರಲ್ಲಿ ಜಾರಿದರೆ ಜೀವಕ್ಕೇ ಅಪಾಯ. ಪ್ರತಿ ಪ್ರಶ್ನೆಯ ಹಿಂದೆಯೂ ಇನ್ನೊಂದು ಪ್ರಶ್ನೆ ಅಂಟಿಸಿಡಿ: ಇದು ಯಾರದ್ದು, ಇಲ್ಲಿ ಬಿದ್ದರೆ ಏನಾಗುತ್ತದೆ?

ಈಗ ಇದೇ ಆಟವನ್ನು ಶಿವಮೊಗ್ಗದ ಬಡಾವಣೆಯೊಂದರ ಖಾಲಿ ಸೈಟಿಗೆ ತನ್ನಿ. ಎಲ್ಲ ಬಟಾಬಯಲು. ತೋಟದಿಂದ ಕಣಜ ಚೆನ್ನಾಗಿಯೇ ಕಾಣುತ್ತದೆ. ಮೊದಲ ಪ್ರಶ್ನೆಗೇ ಜಾಗ ಇಲ್ಲ ಅಂದುಬಿಟ್ಟಿತು. ಆಗ ಏನು ಮಾಡಬೇಕು? ಜಾಗ ಕೊಡದೇ ಇದ್ದದ್ದನ್ನು ನಿಯಮ ಕೊಡಬೇಕು. ಅಡಗಿಸುವ ಕೆಲಸವನ್ನು ಗೋಡೆಯಿಂದ ಮುಷ್ಟಿಗೆ ತನ್ನಿ: ಸಾಗಿಸುವವರೆಲ್ಲ ಮುಷ್ಟಿ ಬಿಗಿಹಿಡಿದು ಒಟ್ಟಿಗೆ ಓಡಲಿ, ಗೋಟು ಯಾರ ಕೈಯಲ್ಲಿದೆ ಅನ್ನುವುದು ಮಂಗಗಳಿಗೆ ಗೊತ್ತಾಗದಿರಲಿ. ಕಾಣದೇ ಇರುವುದರ ಮಜಾ ಹಾಗೇ ಉಳಿಯಿತು, ಗೋಡೆ ಬೇಕಾಗಲಿಲ್ಲ. ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಇದೇ ಮುಖ್ಯ ಭಾಗ. ಪ್ರತಿ ಪ್ರಶ್ನೆಗೂ 'ಇಲ್ಲ' ಅನ್ನುವ ಉತ್ತರ ಬಂದರೆ ಏನು ಅಂತ ಮೊದಲೇ ಯೋಚಿಸಿಟ್ಟಿದ್ದರೆ ಆಟ ಎಲ್ಲೂ ಕೈಕೊಡುವುದಿಲ್ಲ.

ಜುಲೈಯಲ್ಲಿ ಶಾಲೆಯ ಪಡಸಾಲೆ. ಹೊರಗೆ ಧೋ ಅಂತ ಮಳೆ, ನೆಲ ಒದ್ದೆ, ಓಡುವಂತಿಲ್ಲ. ಉದ್ದ 8 ಮೀಟರ್ ಅಂತಿಟ್ಟುಕೊಳ್ಳಿ, ಓಡಿದರೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಯಿತು. ಎಲ್ಲರೂ ಹಿಮ್ಮಡಿಗೆ ಬೆರಳು ತಾಗಿಸಿ ಅಡಿ ಮೇಲೆ ಅಡಿ ಇಡುತ್ತಲೇ ನಡೆಯಬೇಕು ಅಂತ ಮಾಡಿ. ಮಗುವಿನ ಪಾದ 20 ಸೆಂಟಿಮೀಟರ್ ಅಂದರೆ 40 ಹೆಜ್ಜೆ. ಪಡಸಾಲೆ ಮೈದಾನದಷ್ಟೇ ದೊಡ್ಡದಾಯಿತು. ಜಾಗ ಹಿಗ್ಗಿಸಲು ಆಗದಿದ್ದರೆ ಮೈಯನ್ನು ನಿಧಾನ ಮಾಡುವುದು, ಅಷ್ಟೇ. ತಲೆಗೆ ಕನ್ನಡಕದಂಥ ಪೆಟ್ಟಿಗೆ ಕಟ್ಟಿಕೊಂಡು ಆಡುವ ವಿಆರ್ ಆಟ ಮಾಡುವವರಿಗೂ ಇದೇ ತಲೆನೋವು. ಆಡುವವರ ಮನೆಯಲ್ಲಿ ಸಾಮಾನ್ಯವಾಗಿ ಖಾಲಿ ಇರುವುದು ಒಂದೆರಡು ಮೀಟರ್ ಚೌಕ, ಆಟದೊಳಗಿನ ಕಾಡು ಮಾತ್ರ ದೊಡ್ಡದು. 2001ರಲ್ಲಿ ಸಂಶೋಧಕರು ಒಂದು ಉಪಾಯ ತೋರಿಸಿದರು. ಆಡುವವರು ತಿರುಗಿದ್ದಕ್ಕಿಂತ ಒಂಚೂರು ಹೆಚ್ಚೋ ಕಮ್ಮಿಯೋ ಕಣ್ಣೆದುರಿನ ಚಿತ್ರವನ್ನು ತಿರುಗಿಸುವುದು. ನೇರ ನಡೆಯುತ್ತಿದ್ದೇನೆ ಅಂದುಕೊಂಡವರು ನಿಜವಾಗಿ ಬಳಸಿಕೊಂಡು ನಡೆದಿರುತ್ತಾರೆ, ಗೋಡೆಗೆ ತಾಗುವುದು ತಪ್ಪುತ್ತದೆ.

ಆಟ ಒಂದು ಕಡೆಗೆ ವಾಲಿದರೆ? ಮೊದಲ ಸುತ್ತಲ್ಲೇ ಸಾಗಿಸುವವರು ಸಲೀಸಾಗಿ ಗೆದ್ದರೆ ಒಂದು ನೆಲೆ ತೆಗೆಯಿರಿ. ಮಂಗಗಳು ಗೆದ್ದರೆ ಒಂದು ನೆಲೆ ಸೇರಿಸಿ. ದೂರ ಬದಲಾಯಿಸಲು ಹೋಗಬೇಡಿ, ಕೊಟ್ಟಿಗೆಯನ್ನು ಸರಿಸಲು ಆಗುವುದಿಲ್ಲವಲ್ಲ. ಯಾವ ಜಾಗದಲ್ಲೂ ಕೈಗೆ ಸಿಗುವಂಥದ್ದನ್ನೇ ಹದ ಮಾಡುವ ಕೀಲಿಯಾಗಿ ಇಟ್ಟುಕೊಳ್ಳಬೇಕು. ನೆಲೆಗಳ ಸಂಖ್ಯೆ, ಮಂಗಗಳ ಸಂಖ್ಯೆ, ನಡಿಗೆಯ ವೇಗ, ಇವು ನಿಮ್ಮ ಜೊತೆಗೇ ಬರುತ್ತವೆ.

ಮೊಬೈಲ್ ಆಟಗಳ ವಿಷಯಕ್ಕೆ ಬರೋಣ. 2000ನೇ ಇಸವಿ ಮೇ ತಿಂಗಳ ಶುರುವಿನವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ ಆರೆಗಾನ್ ರಾಜ್ಯದಲ್ಲಿ ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಅದರ ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಆಟ ಜಿಯೋಕ್ಯಾಶಿಂಗ್ ಹುಟ್ಟಿದ್ದು ಹಾಗೆ. ಇವತ್ತು ಬಯಲಲ್ಲಿ ನಿಂತರೆ ನಮ್ಮ ಫೋನು ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ಮರದ ಕೆಳಗೆ, ಗೋಡೆಗಳ ನಡುವೆ ಇನ್ನೂ ಹೆಚ್ಚು ತಪ್ಪುತ್ತದೆ. ಈಗ ಲೆಕ್ಕ ಹಾಕಿ. ಅಡಿಕೆ ಮರಗಳ ನಡುವಿನ ಅಂತರ ಸಾಮಾನ್ಯವಾಗಿ 9 ಅಡಿ, ಅಂದರೆ 2.7 ಮೀಟರ್. ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಅಂತ ಫೋನಿಗೆ ತಿಳಿಯುವುದೇ ಇಲ್ಲ. ತೋಟದ ಸಾಲುಗಳನ್ನು ಚಕ್ರವ್ಯೂಹ ಮಾಡಿ ಮೊಬೈಲ್ ಆಟ ಕಟ್ಟುತ್ತೇನೆ ಅಂದರೆ ಅದು ಆಗದ ಕೆಲಸ. ಊರೊಳಗಿನ ನಿಜವಾದ ತಾಣಗಳಿಗೆ ನಡೆದುಹೋಗಿ ಆಡುವ ಮೊಬೈಲ್ ಆಟ ಪೋಕೆಮಾನ್ ಗೋ ಈ ತಪ್ಪನ್ನು ದೊಡ್ಡ ವೃತ್ತದಿಂದ ನುಂಗಿಕೊಂಡಿತು: ಒಂದು ತಾಣವನ್ನು ಬಳಸಲು 40 ಮೀಟರ್ ಹತ್ತಿರ ಬಂದರೆ ಸಾಕಿತ್ತು, 2020ರಲ್ಲಿ ಅದನ್ನು 80 ಮಾಡಿದರು.

ಆದರೆ ಅದೇ ಪೋಕೆಮಾನ್ ಗೋ ಇನ್ನೊಂದು ಕಡೆ ಎಡವಿತು. 2016ರ ಜುಲೈಯಲ್ಲಿ ಆಟ ಹೊರಬಂದಾಗ ಅದರ ತಾಣಗಳು ಹೆಚ್ಚಾಗಿ ಅದೇ ಕಂಪನಿಯ ಹಳೆಯ ಆಟ ಇನ್‌ಗ್ರೆಸ್‌ನಿಂದ ಬಂದಿದ್ದವು. ಅಲ್ಲಿ ಹೆಚ್ಚಿನ ತಾಣಗಳನ್ನು ಸೂಚಿಸಿದ್ದು ಆಡುವವರೇ, ಆಡುವವರು ಜಾಸ್ತಿ ಇದ್ದದ್ದು ಪೇಟೆಗಳಲ್ಲಿ. ಹಾಗಾಗಿ ಪೇಟೆಯಲ್ಲಿ ಹೆಜ್ಜೆಗೊಂದು ತಾಣ, ಹಳ್ಳಿಯಲ್ಲಿ ಮೈಲಿಗಟ್ಟಲೆ ಏನೂ ಇಲ್ಲ. ಆಟ ಜಾಗಕ್ಕೆ ಪ್ರಶ್ನೆ ಕೇಳಿತು ನಿಜ, ಆದರೆ ಉತ್ತರ ತೆಗೆದುಕೊಂಡದ್ದು ನಕ್ಷೆಯಿಂದ. ನಕ್ಷೆಯಲ್ಲಿ ಇಲ್ಲದ್ದು ಆಟಕ್ಕೂ ಇಲ್ಲ. ಮಲೆನಾಡಿನ ಭೂತನ ಕಟ್ಟೆ, ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ), ಊರ ಕೆರೆ ಇವೆಲ್ಲ ಎಷ್ಟು ನಕ್ಷೆಗಳಲ್ಲಿವೆ ಹೇಳಿ? ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲದ ನಕ್ಷೆಯಲ್ಲಿ ಯಾರು ಬೇಕಾದರೂ ಸೇರಿಸಬಹುದು. ನಿಮ್ಮೂರಿನದ್ದನ್ನು ಸೇರಿಸಿ, ಆಟ ಕಟ್ಟುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇದಕ್ಕೆ ಪೂರ್ತಿ ತದ್ವಿರುದ್ಧ ಅಂದರೆ 2004ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ಪ್ಯಾಕ್-ಮ್ಯಾನ್‌ಹಟನ್. ಚಕ್ರವ್ಯೂಹದಂಥ ದಾರಿಗಳಲ್ಲಿ ಬೆನ್ನಟ್ಟುವ ಹಳೆಯ ವಿಡಿಯೋ ಆಟ ಪ್ಯಾಕ್-ಮ್ಯಾನ್ ಅನ್ನು ವಾಷಿಂಗ್ಟನ್ ಸ್ಕ್ವೇರ್ ಸುತ್ತಲಿನ ಬೀದಿಗಳಲ್ಲಿ ನಿಜವಾಗಿ ಓಡಿ ಆಡಿದರು. ಓಡುವವರು ಎಲ್ಲಿದ್ದೇವೆ ಅಂತ ಫೋನಿನಲ್ಲಿ ಹೇಳುತ್ತಿದ್ದರು, ಇನ್ನೊಬ್ಬರು ಕೂತಲ್ಲಿಂದ ದಾರಿ ತೋರಿಸುತ್ತಿದ್ದರು. ಚೌಕುಳಿ ಬೀದಿಗಳಿರುವ ಊರಿಗೆ ಅದ್ಭುತ ಆಟ. ತೀರ್ಥಹಳ್ಳಿಗೆ ತಂದರೆ ಓಡಲು ಬೀದಿಯ ಚೌಕವೇ ಇಲ್ಲ.

ನನಗೆ ತುಂಬ ಇಷ್ಟವಾದ ಪಾಠ ಬೇರೆ ಇದೆ. 2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬ್ಲಾಸ್ಟ್ ಥಿಯರಿ ಎಂಬ ಕಲಾವಿದರ ತಂಡ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಒಂದು ಬೆನ್ನಟ್ಟುವ ಆಟ ಆಡಿಸಿತು. ಕೆಲವರು ಕಂಪ್ಯೂಟರಿನಲ್ಲಿ ಓಡುತ್ತಾರೆ, ಬೆನ್ನಟ್ಟುವವರು ನಿಜವಾದ ಬೀದಿಯಲ್ಲಿ ಜಿಪಿಎಸ್ ಹಿಡಿದು ಓಡುತ್ತಾರೆ. ಕಟ್ಟಡಗಳ ಸಂದಿಯಲ್ಲಿ ಜಿಪಿಎಸ್ ಸಿಗುತ್ತಿರಲಿಲ್ಲ. ಬೆನ್ನಟ್ಟುವವರು ಅದನ್ನೇ ಬಂಡವಾಳ ಮಾಡಿಕೊಂಡರು, ಸಂಕೇತ ಸಿಗದ ನೆರಳಲ್ಲಿ ಅಡಗಿ ಹೊಂಚು ಹಾಕಿದರು. ಆಮೇಲೆ ಗ್ಲಾಸ್ಗೋದಲ್ಲಿ ಬೇರೆ ಸಂಶೋಧಕರು ಇದನ್ನೇ ನಿಯಮ ಮಾಡಿ ಆಟ ಕಟ್ಟಿದರು: ನಾಣ್ಯಗಳು ಸಿಗುವುದು ನೆಟ್‌ವರ್ಕ್ ಇಲ್ಲದ ಕಡೆ, ಅವನ್ನು ಜಮಾ ಮಾಡಬೇಕಾದರೆ ನೆಟ್‌ವರ್ಕ್ ಇರುವ ಕಡೆ ಓಡಬೇಕು. ಇದಕ್ಕೆ ಮಲೆನಾಡಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಜಗಲಿಯ ಯಾವ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಯಾವ ಗುಡ್ಡ ಹತ್ತಿದರೆ ಕರೆ ಹೋಗುತ್ತದೆ ಅಂತ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಪೇಟೆಯ ಮಗುವಿಗೆ ಇಲ್ಲದ ಆ ತಿಳಿವಳಿಕೆಗೆ ಅಂಕ ಕೊಡುವ ಆಟ ಬರಬೇಕು ಅಂತ ನನಗೆ ನಿಜಕ್ಕೂ ಆಸೆ.

ಮಕ್ಕಳ ಪಾರ್ಕು ಕಟ್ಟುವವರಿಗೂ ಒಂದು ಮಾತು. ವಾಸ್ತುಶಿಲ್ಪಿ ಆಲ್ಡೊ ವ್ಯಾನ್ ಐಕ್ 1947ರಿಂದ 1978ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 700ಕ್ಕೂ ಹೆಚ್ಚು ಆಟದ ಜಾಗ ಮಾಡಿದರು. ಮರಳಿನ ಹೊಂಡ, ಗುಂಡು ಕಲ್ಲುಗಳು, ಬಗ್ಗಿಸಿದ ಕಬ್ಬಿಣದ ಸರಳು, ಹೆಚ್ಚಾಗಿ ಇಷ್ಟೇ. ಜಾರುಬಂಡೆ ಜಾರು ಅನ್ನುತ್ತದೆ, ಗುಂಡು ಕಲ್ಲು ಏನನ್ನೂ ಹೇಳುವುದಿಲ್ಲ. ಅದು ನೆಲೆಯೂ ಆಗುತ್ತದೆ, ಅಂಗಡಿಯೂ ಆಗುತ್ತದೆ, ಲಗೋರಿ ಪೇರಿಸುವ ಕಟ್ಟೆಯೂ ಆಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಮ್ಮ ಕಡೆಗೆ ಬೇರೆಯದೇ ಪಟ್ಟಿ ಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ (ಉಣ್ಣೆಯಿಂದ) ಹರಡುತ್ತದೆ, ಮಳೆ ಮುಗಿದ ಮೇಲೆ ಬೇಸಿಗೆಯ ತನಕ ಅದರ ಕಾಟ ಜಾಸ್ತಿ. ಅಂದರೆ ಕಾಡು ಒಣಗಿ ಆಡಲು ಹೇಳಿ ಮಾಡಿಸಿದ ಹಾಗೆ ಕಾಣುವ ಹೊತ್ತಿಗೇ ಅಪಾಯ ಹೆಚ್ಚು. ಬೇಸಿಗೆ ರಜೆಯ ಶಿಬಿರದಲ್ಲಿ ತರಗೆಲೆ ಮೇಲೆ ಉರುಳಿ ಅಡಗುವ ಆಟ ಯೋಜಿಸುವವರು ಇದನ್ನು ತಿಳಿದಿರಲೇಬೇಕು. ಸತ್ತ ಮಂಗ ಕಂಡ ಸುತ್ತಮುತ್ತ ಆಟವೇ ಬೇಡ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಬಿಡಿ, ಕಿತ್ತು ಹಾಕಿದರಾಯಿತು. ಹೊಳೆ, ಹಳ್ಳ, ಧರೆ ಅಂಚು ಹಾಗಲ್ಲ, ಅವನ್ನು ಆಟದ ಗಡಿಯಿಂದ ದೂರವೇ ಇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಬೆಳಿಗ್ಗೆ ದಾಟಿದ ಹಳ್ಳ ಮಧ್ಯಾಹ್ನ ದಾಟಲು ಬರದಿರಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದ ತೋಟಕ್ಕೆ ಮಕ್ಕಳನ್ನು ಇಳಿಸಬೇಡಿ. ಜಾಗದ ಮರ್ಯಾದೆಯ ಪ್ರಶ್ನೆಯೂ ಇದೆ. 2016ರಲ್ಲಿ ಹಿರೋಶಿಮಾದ ಶಾಂತಿ ಸ್ಮಾರಕದಲ್ಲಿ ಪೋಕೆಮಾನ್ ತಾಣಗಳನ್ನು ತೆಗೆಸಬೇಕಾಯಿತು. ನಮ್ಮಲ್ಲಿ ದೇವರ ಕಾಡು, ನಾಗಬನ ಇವೆ. ಊರಿನ ಹಿರಿಯರನ್ನು ಕೇಳಿಯೇ ಗಡಿ ಹಾಕಿ, ಅವರು ಬೇಡ ಅಂದ ಜಾಗ ಬೇಡ.

ನಿಯಮದ ಹಾಳೆ ಬರೆಯುವಾಗ ಎರಡು ಭಾಗ ಮಾಡಿ. ಮೇಲ್ಗಡೆ ತಿರುಳು, ಅಚ್ಚು ಹಾಕಿಸಿ. ಕೆಳಗಡೆ ಪ್ರಶ್ನೆಗಳು, ಒಂದೊಂದರ ಮುಂದೆಯೂ ಖಾಲಿ ಗೆರೆ. ಆ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ತುಂಬಲಿ, ಆಡುವ ಮಕ್ಕಳೇ ತುಂಬಲಿ, ಆಡುವ ಮೊದಲು ಜಾಗದಲ್ಲಿ ಒಂದು ಸುತ್ತು ನಡೆದು ಬಂದೇ ತುಂಬಲಿ. ಮೇಲೆ ತಾರೀಖು ಹಾಕಿಸಿ. ಜನವರಿಯಲ್ಲಿ 'ನೆಲೆ: ಬಟ್ಟೆ ಒಗೆಯುವ ಕಲ್ಲು' ಅಂತ ಬರೆದದ್ದನ್ನು ಜೂನ್ ಬಂದ ಕೂಡಲೇ ಅಳಿಸಬೇಕಾಗುತ್ತದೆ, ಪಾಚಿ ಬಂದಿರುತ್ತದೆ.